ಸೂಪು ತಂದಿಟ್ಟವಳ ಹೆಸರು

ಎರ್ಲಿಂದಾಳಿಗೆ ಧಾರಾವಾಹಿ ಎಂದರೆ ಪ್ರಾಣ, ಆದರೆ ಒಂದು ದಿನವೂ ಅದನ್ನು ಬಾಯಿ ಮುಚ್ಚಿಕೊಂಡು ನೋಡಿದವಳಲ್ಲ. ನಾಯಕ ಕಣ್ಣೀರು ಹಾಕಿದರೆ "ಈರುಳ್ಳಿ ಹೆಚ್ಚಿಸಿದ್ದಾರೆ ಇವನ ಕೈಲಿ" ಅನ್ನುವಳು. ಅತ್ತೆ ಮೂರ್ಛೆ ಹೋದರೆ "ಬೀಳೋ ಮುಂಚೆ ಕುರ್ಚಿ ನೋಡ್ಕೊಂಡ್ಲು, ನೋಡಿದ್ರಾ?" ಅನ್ನುವಳು.

ಅವಳ ನಾದಿನಿ ತಾರ್ಹೆಲಿಯಾಗೆ ಸೀಗಡಿ ಕಾರ್ಖಾನೆಯಲ್ಲಿ ಸಂಜೆ ಪಾಳಿ. ಏಳು ಗಂಟೆಯ 'ಕೋಕೋ ತೋಟದ ಒಡೆಯರು' ಅವಳಿಗೆ ತಪ್ಪಿಹೋಗುತ್ತಿತ್ತು. ಹಾಗಾಗಿ ಎರ್ಲಿಂದಾ ಬೆಳಿಗ್ಗೆ ತನ್ನ ಬಡಾವಣೆ ಗ್ವಾಸ್ಮೊದಿಂದ ಕೆಲಸಕ್ಕೆ ಬಸ್ಸು ಹತ್ತಿದವಳೇ ಫೋನನ್ನು ಬಾಯಿಗೆ ಹಿಡಿದು, ಹಿಂದಿನ ಸಂಜೆಯ ಕಂತನ್ನು ತನ್ನ ಟೀಕೆ ಟಿಪ್ಪಣಿ ಸಮೇತ ಹೇಳಿ ಕಳಿಸುವಳು. ತಾರ್ಹೆಲಿಯಾ ಅದನ್ನು ಕಾರ್ಖಾನೆಯ ಹೆಂಗಸರಿಗೆ ಕೇಳಿಸಿದಳು. ಅವರು ತಮ್ಮ ತಂಗಿಯರಿಗೆ ಕಳಿಸಿದರು. ಎರಡು ತಿಂಗಳಲ್ಲಿ ಗ್ವಾಯಾಕಿಲ್‌ನ ಅರ್ಧ ಊರು ಧಾರಾವಾಹಿಗಿಂತ ಹೆಚ್ಚಾಗಿ 'ಬಸ್ಸಿನ ಅಕ್ಕ'ನಿಗೆ ಕಾಯತೊಡಗಿತು. ಅವಳ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನಲವತ್ತೊಂದನೇ ಕಂತಿನಲ್ಲಿ ತೋಟದ ಒಡತಿ ಸಿಟ್ಟಿಗೆದ್ದು ಸೂಪಿನ ತಟ್ಟೆಯನ್ನು ಗೋಡೆಗೆ ಎಸೆದಳು. ಎಲ್ಲರೂ ಧಡಧಡ ಎದ್ದು ಹೋದರು. ಸೂಪು ತಂದಿಟ್ಟ ಕೆಲಸದವಳೊಬ್ಬಳು ಚೂರುಗಳ ನಡುವೆ ನಿಂತಿದ್ದಳು.

ಮರುದಿನ ಬಸ್ಸಿನಲ್ಲಿ ಎರ್ಲಿಂದಾ ತಮಾಷೆ ಮಾಡಲಿಲ್ಲ.

"ಒಡತಿ ಸಿಟ್ಟಿನ ಬಗ್ಗೆ ನಂಗೇನೂ ಹೇಳೋಕಿಲ್ಲ," ಅಂದಳು. "ಆ ಚೂರು ಬಳಿದೋರು ಯಾರು? ಐವತ್ತು ದಾಟಿದ ಹೆಂಗಸನ್ನ ಎಲ್ರೂ 'ಏ ಹುಡುಗಿ' ಅಂತಾರೆ. ನಲವತ್ತೊಂದು ಕಂತಾಯ್ತು, ಅವಳಿಗೊಂದು ಹೆಸರಿಲ್ಲ. ನಾನೇ ಒಂದು ಇಡಬೋದು, ಇಡಲ್ಲ. ಅವಳ ತಾಯಿ ಇಟ್ಟೇ ಇರ್ತಾಳೆ. ಅದೇನು ಅಂತ ನಮಗೆ ಹೇಳ್ಲಿ. ಇಪ್ಪತ್ತೆರಡು ವರ್ಷದಿಂದ ನಾನೂ ಊಟ ಬಡಿಸ್ತಿದೀನಿ, ಅದಕ್ಕೇ ಕೇಳ್ತಿದೀನಿ."

ಆ ಮಾತಿಗೆ ರೆಕ್ಕೆ ಬಂತು. ವಾಹಿನಿಯ ಪುಟದ ತುಂಬ ಒಂದೇ ಪ್ರಶ್ನೆ: ಅವಳ ಹೆಸರೇನು?

ಎರ್ಲಿಂದಾ ಕೆಲಸಕ್ಕಿದ್ದದ್ದು ಪಿಯೆದಾದ್ ಎಂಬುವರ ಮನೆಯಲ್ಲಿ. ಆ ಶುಕ್ರವಾರ ಮಧ್ಯಾಹ್ನ ಅವಳು ಅನ್ನ, ಅಲಸಂದೆ ಬಡಿಸುತ್ತಿದ್ದಾಗ ಮನೆಯ ಮಗಳು ನಗುತ್ತಾ, "ಅಮ್ಮಾ, ಇದನ್ನ ಕೇಳು, ಎಲ್ಲಾ ಕಡೆ ಇದೇ ಓಡ್ತಿದೆ," ಎಂದು ಫೋನು ಹಚ್ಚಿದಳು. ಮೂರನೇ ವಾಕ್ಯಕ್ಕೆ ಅವಳ ನಗು ನಿಂತಿತು.

ಪಿಯೆದಾದ್ ಚಮಚ ಕೆಳಗಿಟ್ಟರು. "ಇದು ನಿನ್ನ ಧ್ವನಿ ಅಲ್ವಾ?"

"ಹೌದಮ್ಮಾವ್ರೇ."

"ನಮ್ಮನೆ ವಿಷಯ ಬೀದೀಲಿ ಹೇಳ್ಕೊಂಡು ತಿರುಗ್ತಿದೀಯಾ?"

"ಧಾರಾವಾಹಿ ವಿಷಯ, ಅಮ್ಮಾವ್ರೇ. ಈ ಮನೆ ಹೆಸರು ಒಂದ್ಸಲಾನೂ ತೆಗೆದಿಲ್ಲ."

"ಅದು ನಿಲ್ಲಬೇಕು. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ."

ಎರ್ಲಿಂದಾ ಒಂದು ವಾರ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತಳು. ಭಾನುವಾರ ತಾರ್ಹೆಲಿಯಾ ಬಾಳೆಕಾಯಿ ಉಂಡೆಗಳನ್ನು ಕಟ್ಟಿಕೊಂಡು ಬಂದಳು.

"ಏನತ್ತಿಗೆ, ನಾಲಿಗೆ ಅಡವಿಟ್ಟಿದೀಯಾ? ಕಾರ್ಖಾನೇಲಿ ಎಲ್ರೂ ನನ್ನ ತಲೆ ತಿಂತಿದಾರೆ."

"ಕೆಲಸ ಹೋದ್ರೆ ನೀನು ಅನ್ನ ಹಾಕ್ತೀಯಾ?"

"ಹಾಕ್ತೀನಿ. ಸೀಗಡಿ ಸಿಪ್ಪೆ ಸುಲಿಯೋಕೂ ಕರ್ಕೊಂಡೋಗ್ತೀನಿ. ಅಲ್ಲಿ ಗಂಟೆಗಟ್ಟಲೆ ಮಾತಾಡು, ಯಾರೂ ಬೇಡ ಅನ್ನಲ್ಲ."

ಎರ್ಲಿಂದಾ ನಕ್ಕಳು. ಎಷ್ಟೋ ದಿನದ ಮೇಲೆ ಎದೆ ಹಗುರಾದಂತಾಯಿತು.

ಸೋಮವಾರ ಅವಳು ಏಪ್ರನ್ ಕಟ್ಟಿಕೊಳ್ಳುವ ಮೊದಲೇ ಹಜಾರಕ್ಕೆ ಹೋಗಿ ನಿಂತಳು. "ಅಮ್ಮಾವ್ರೇ, ನಾಳೆಯಿಂದ ಮತ್ತೆ ಮಾತಾಡ್ತೀನಿ. ಈ ಮನೇಲಿರೋವಷ್ಟು ಹೊತ್ತು ನಾನು ನಿಮ್ಮ ಕೆಲಸದೋಳು. ಬಸ್ಸಲ್ಲಿರೋ ಒಂದು ಗಂಟೆ ನಂದು. ಬೇಡ ಅನ್ನೋದಾದ್ರೆ ಈಗ್ಲೇ ಹೇಳಿ, ಬಟ್ಟೆ ತಗೊಂಡು ಹೊರಡ್ತೀನಿ."

ಇಷ್ಟು ವರ್ಷದಲ್ಲಿ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಪಿಯೆದಾದ್ ಕೇಳಿರಲೇ ಇಲ್ಲ. "ಕಾಫಿ ಆರಿಹೋಗಿದೆ, ಬಿಸಿ ಮಾಡು," ಅಂದರು. ಎರ್ಲಿಂದಾ ಏಪ್ರನ್ ಕಟ್ಟಿಕೊಂಡಳು.

ಅದಾಗಿ ಮೂರು ವಾರಕ್ಕೆ ಗುರುತಿಲ್ಲದ ನಂಬರಿನಿಂದ ಅವಳ ಫೋನಿಗೆ ಒಂದು ಧ್ವನಿಸಂದೇಶ ಬಂತು, ತುಸು ಒಡಕು ದನಿ. "ಅಕ್ಕಾ, ಅವರಿವರನ್ನ ಕೇಳಿ ಕೇಳಿ ಕೊನೆಗೂ ನಿಮ್ಮ ನಂಬರು ಸಿಕ್ತು. ನಾನು ಒಲಿಂಪಿಯಾ. ಆ ಸೂಪು ತಂದಿಟ್ಟೋಳು. ಹತ್ತೊಂಬತ್ತು ವರ್ಷದಿಂದ ಹನ್ನೊಂದು ಧಾರಾವಾಹೀಲಿ ಟ್ರೇ ಹೊತ್ತಿದೀನಿ. ನಿನ್ನೆ ನಿರ್ದೇಶಕರು ಬಂದು, ನಿಮ್ಮ ಪಾತ್ರಕ್ಕೆ ಏನು ಹೆಸರಿಡೋಣ ಅಂತ ನನ್ನನ್ನೇ ಕೇಳಿದ್ರು. ನಾನು ನಮ್ಮಮ್ಮನ ಹೆಸರು ಹೇಳ್ದೆ. ಗುರುವಾರ ತಪ್ಪದೆ ನೋಡಿ."

ಗುರುವಾರ ತಾರ್ಹೆಲಿಯಾ ರಜೆ ಹಾಕಿ ಬಂದಳು. ಪಕ್ಕದ ಮನೆಯವರೂ ತಮ್ಮ ಕುರ್ಚಿ ತಾವೇ ಹೊತ್ತುಕೊಂಡು ಬಂದರು. ಟೀವಿಯಲ್ಲಿ ತೋಟದ ಒಡತಿ ಕಿಟಕಿಯ ಬಳಿ ನಿಂತಿದ್ದಳು. ಕೆಲಸದವಳು ಟ್ರೇ ಇಟ್ಟು ಹೊರಟಾಗ ಹಿಂದಿನಿಂದ ಕರೆದಳು: "ದೆಲ್ಫಿನಾ, ಸ್ವಲ್ಪ ಕೂತ್ಕೋ." ಕೆಲಸದವಳು ಕುರ್ಚಿಯ ಅಂಚಿನಲ್ಲಿ ಕೂತಳು. ಅಷ್ಟೇ ದೃಶ್ಯ. ಎರ್ಲಿಂದಾಳ ಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. "ಈರುಳ್ಳಿ ಹೆಚ್ಚಿಸಿದ್ರಾ, ಅತ್ತಿಗೆ?" ಎಂದು ತಾರ್ಹೆಲಿಯಾ ಕಾಲೆಳೆದಳು.

ಮರುದಿನ ಬಸ್ಸಿನಲ್ಲಿ ಅವಳ ಹಳೆಯ ಧಾಟಿ ಮರಳಿತ್ತು. "ಒಂದು ಹೆಸರು ಕೊಟ್ಟ ಮಾತ್ರಕ್ಕೆ ಹಿಗ್ಗಬೇಡಿ. ದೆಲ್ಫಿನಾಗೆ ಮಕ್ಕಳಿದಾರಾ? ಭಾನುವಾರ ರಜಾ ಕೊಡ್ತಾರಾ? ನಾನು ಕೇಳ್ತಾನೇ ಇರ್ತೀನಿ. ಇನ್ನು ಒಲಿಂಪಿಯಾ ವಿಷಯಕ್ಕೆ ಬಂದ್ರೆ, ಕೂತ್ಕೊಳ್ಳೋವಾಗ ಆಯಮ್ಮ ಕುರ್ಚಿ ನೋಡ್ಕೊಳ್ಳಲಿಲ್ಲ. ಅದು ನಟನೆ ಅಂದ್ರೆ." ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ನೀವೇನಾ ಬಸ್ಸಿನ ಅಕ್ಕ ಎಂದು ಕೇಳಿ, ಹೆಸರೇನೆಂದಳು.

"ಎರ್ಲಿಂದಾ," ಎಂದಳು ಅವಳು, ಫೋನಿನ ರೆಕಾರ್ಡಿಂಗ್ ನಿಲ್ಲಿಸದೆಯೇ.

ಕೆಲಸದ ಮನೆ ಮುಟ್ಟಿದಾಗ ಪಿಯೆದಾದ್ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಅವರು ಅಲ್ಲಿ ಕೂತದ್ದನ್ನು ಎರ್ಲಿಂದಾ ಎಂದೂ ನೋಡಿರಲಿಲ್ಲ.

"ಆ ಕೋಕೋ ತೋಟದ ಒಡತಿ ತಮ್ಮ," ಅಂದರು, ಕಣ್ಣು ತಪ್ಪಿಸುತ್ತಾ, "ಅವನೇ ತಾನೇ ಉಯಿಲು ಕದ್ದೋನು? ನಿಂಗೇನನ್ನಿಸುತ್ತೆ?"

ಎರ್ಲಿಂದಾ ಒಲೆ ಹಚ್ಚಿ ಕಾಫಿಗೆ ನೀರಿಟ್ಟಳು. ಇಬ್ಬರಿಗಾಗುವಷ್ಟು.

"ಅವನಿಗೆಲ್ಲಿದೆ ಅಮ್ಮಾವ್ರೇ ಅಷ್ಟು ತಲೆ?" ಅಂದಳು.