ಶೇಷಪ್ಪನ ಆರ್ಡರು

ದಿನೇಶ ಆಂಬುಲೆನ್ಸಿನಿಂದ ತನ್ನ ಕಾಲ ಮೇಲೇ ಇಳಿದ. ಮಾಸ್ತಮ್ಮನಿಗೆ ತಡೆಯಲಾಗದೆ ಹೋದದ್ದು ಅದೇ. ಯಾರಾದರೂ ಹೊತ್ತು ತಂದಿದ್ದರೆ ಅವಳೂ ಓಡಿಹೋಗಿ ಒಂದು ಕೈ ಕೊಡುತ್ತಿದ್ದಳೇನೋ. ಮೈದುನ ನಡೆದೇ ಬಂದ. ಸೊರಗಿದ್ದ, ಕಣ್ಣು ಗುಳಿಬಿದ್ದಿತ್ತು. ಆದರೂ ಅಂಗಳ ದಾಟಿ ಜಗಲಿ ಹತ್ತಿ, "ಅತ್ತಿಗೆ, ಹುಷಾರಿದೀರಾ?" ಅಂತ ಅವಳನ್ನೇ ಕೇಳಿದ. ಅವನ ಹಿಂದೆ ಹೆಂಡತಿ ಸುಮನಾ ಚೀಲ ಹಿಡಿದು, ನಗುತ್ತ ಅಳುತ್ತ ಬಂದಳು. ಮಾಸ್ತಮ್ಮ "ಹ್ಞೂಂ" ಅಂದವಳು, ದನಕ್ಕೆ ನೀರಿಟ್ಟಿಲ್ಲ ಎಂದು ಹಿತ್ತಲಿಗೆ ನಡೆದಳು. ದನ ಆಗಲೇ ನೀರು ಕುಡಿದು ಮಲಗಿ ಮೆಲುಕು ಹಾಕುತ್ತಿತ್ತು.

ಸಾಗರ ತಾಲೂಕಿನ ಆ ಊರು ಲಿಂಗನಮಕ್ಕಿ ಹಿನ್ನೀರಿನ ಅಂಚಿನದು. ಕಾಡು ಅಲ್ಲಿ ಹಿತ್ತಲಿನವರೆಗೂ ಬರುತ್ತದೆ. ಇದ್ದ ಒಂದು ಮನೆಗೆ ನಡುವೆ ಗೋಡೆ ಎಬ್ಬಿಸಿ ಅಣ್ಣ ತಮ್ಮ ಎರಡು ಒಲೆ ಮಾಡಿಕೊಂಡಿದ್ದರು. ಅಣ್ಣ ಶೇಷಪ್ಪ, ಮಾಸ್ತಮ್ಮನ ಗಂಡ. ಹಿಂದಿನ ವರ್ಷ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಜ್ವರ ಹಬ್ಬಿದಾಗ, ಕೊಟ್ಟಿಗೆಗೆ ಹಾಸುವ ಒಣ ಎಲೆ, ದರಗು, ಗುಡಿಸಿ ತರಲು ಹೋಗಿದ್ದ ಶೇಷಪ್ಪನೂ ಮಲಗಿದ. ಒಣಗಿದ ಎಲೆಯಲ್ಲಿರುವ ಉಣುಗು ಹುಳ ಕಚ್ಚಿ ಬರುವ ಮಂಗನ ಕಾಯಿಲೆ ಇದು ಅಂತ ಊರಿನ ಮಕ್ಕಳಿಗೂ ಗೊತ್ತಿತ್ತು. ಆಸ್ಪತ್ರೆಗೆ ಮಾತ್ರ ಕಾಗದ ಬೇಕಿತ್ತು. ರಕ್ತದ ರಿಪೋರ್ಟು ಬಂದರೆ ಸರ್ಕಾರದ ಖರ್ಚಿನಲ್ಲೇ ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ, ಅದಿಲ್ಲದೆ ಗಾಡಿ ಕೊಡಲಿಕ್ಕಾಗದು ಎಂದರು. ಹೊರಗಿನ ಬೆಂಚಿನ ಮೇಲೆ ಗಂಡನ ತಲೆಯನ್ನು ತೊಡೆಯಲ್ಲಿಟ್ಟುಕೊಂಡು ಮಾಸ್ತಮ್ಮ ಕಾದಳು. ಮೂಗಿನಿಂದ ರಕ್ತ ಬಂತು. ಸೆರಗಿನಲ್ಲಿ ಒರೆಸಿದಳು, ಮತ್ತೆ ಬಂತು. ರಿಪೋರ್ಟು ಬರುವ ಹೊತ್ತಿಗೆ ಅವನನ್ನು ಮಣ್ಣು ಮಾಡಿ ಆಗಿತ್ತು.

ಆಮೇಲೆ ಧನ್ಯಶ್ರೀ ಬಂದಳು. ತೀರ್ಥಹಳ್ಳಿ ಕಡೆಯ ಗೌಡರ ಮನೆಯವಳು, ಸಾಗರದಲ್ಲಿ ವಕೀಲಿಕೆ ಮಾಡುತ್ತಿದ್ದಳು. ಮೂರು ತಾಲೂಕಿನಲ್ಲೂ ಹೀಗೇ ಸತ್ತವರ ಮನೆಗಳಿಗೆ ಹೋಗಿ ಬಂದಿದ್ದಳು. "ಮಾಸ್ತಮ್ಮ, ಬದುಕೋ ಹಕ್ಕು ಅಂತ ಸಂವಿಧಾನದಲ್ಲಿದೆ. ಹೊತ್ತಿಗೆ ಸರಿಯಾಗಿ ಔಷಧಿ ಸಿಗೋದೂ ಅದರೊಳಗೇ ಸೇರುತ್ತೆ. ಕೇಳೋರು ಬೇಕು ಅಷ್ಟೆ" ಎಂದಳು. ಮಾಸ್ತಮ್ಮ ಕೇಳುವವಳಾದಳು, ಅರ್ಜಿಯಲ್ಲಿ ಮೊದಲ ಹೆಸರು ಅವಳದೇ ಆಯಿತು. ಮಳೆಗಾಲ ಮುಗಿಯುವುದರೊಳಗೆ ಹೈಕೋರ್ಟು ಹೇಳಿತು: ಕಾಯಿಲೆ ಎದ್ದ ಊರಿನವರಿಗೆ ಜ್ವರದ ಲಕ್ಷಣ ಕಂಡರೆ ಸಾಕು, ರಿಪೋರ್ಟಿಗೆ ಕಾಯಬಾರದು, ಸರ್ಕಾರವೇ ಗಾಡಿ ಮಾಡಿ ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕು. ಜನ ಅದನ್ನು ಶೇಷಪ್ಪನ ಆರ್ಡರು ಎಂದು ಕರೆದರು.

ಮಾಘದಲ್ಲಿ ದಿನೇಶನಿಗೆ ಜ್ವರ ಬಂತು. ಸುಮನಾ ಆ ಆರ್ಡರಿನ ಪ್ರತಿಯನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಗಾಡಿ ಬಂತು. ಅವನು ಉಳಿದ.

ಅವನು ಮನೆಗೆ ಬಂದ ದಿನದಿಂದ ಮಾಸ್ತಮ್ಮನಿಗೆ ಗೋಡೆಯಾಚೆಯ ಪ್ರತಿ ಸದ್ದೂ ಕೇಳತೊಡಗಿತು. ಗಂಜಿ ಪೂರಾ ಕುಡಿಯಲಿಲ್ಲ ಅಂತ ಸುಮನಾ ಗದರುತ್ತಿದ್ದಳು. ಗಂಡನನ್ನು ಗದರಲಿಕ್ಕೂ ಪುಣ್ಯ ಬೇಕು ಎಂದುಕೊಂಡಳು ಮಾಸ್ತಮ್ಮ. ಸುಮನಾಳ ಬಳೆ ಸದ್ದಾದರೆ ಕಿವಿಯೊಳಗೆ ಮುಳ್ಳಾಡಿಸಿದಂತಾಗುತ್ತಿತ್ತು. ಬಾವಿಕಟ್ಟೆಯಲ್ಲಿ ಯಾರೋ "ನಿಮ್ಮನೆಯೋರು ಹೋಗಿ ತಮ್ಮನ್ನ ಉಳಿಸಿದ್ರು ನೋಡಿ" ಎಂದು ಒಳ್ಳೆ ಮನಸ್ಸಿನಿಂದಲೇ ಹೇಳಿದಾಗ, ಕೊಡ ಅರ್ಧವೇ ತುಂಬಿದ್ದರೂ ಎತ್ತಿಕೊಂಡು ಬಂದುಬಿಟ್ಟಳು. ಅದೇ ಬೆಂಚು, ಅದೇ ಡಾಕ್ಟರು, ಅದೇ ಜ್ವರ, ಒಂದೇ ತಾಯಿಯ ಹೊಟ್ಟೆಯ ಇಬ್ಬರು ಗಂಡಸರು. ಒಬ್ಬ ಯಾಕೆ ಮಣ್ಣಲ್ಲಿ, ಇನ್ನೊಬ್ಬ ಯಾಕೆ ಜಗಲಿಯಲ್ಲಿ? ಕಸ ಗುಡಿಸುವಾಗಲೂ ಹಾಲು ಕರೆಯುವಾಗಲೂ ಇದನ್ನೇ ಹಾಕಿ ತೂಗುತ್ತಿದ್ದಳು.

ಅಂಥ ಹೊತ್ತಿನಲ್ಲೇ ಧನ್ಯಶ್ರೀ ಮತ್ತೆ ಬಂದಳು. ಸುಮನಾಳೂ ಕಾಫಿ ಹಿಡಿದು ಈಚೆ ಬಂದಳು.

"ಆರ್ಡರು ಸಡಿಲಿಸಿ ಅಂತ ಇಲಾಖೆಯೋರು ಕೋರ್ಟಿಗೆ ಹೋಗಿದಾರೆ. ರಿಪೋರ್ಟ್ ಬಂದ ಮೇಲೇ ಕಳಿಸ್ತೀವಿ ಅಂತಾರೆ. ಸಡಿಲಿಸಬಾರದು ಅಂತ ನೀವೊಂದು ಅಫಿಡವಿಟ್‌ಗೆ ಸಹಿ ಹಾಕ್ಬೇಕಿತ್ತು."

"ನಾನ್ಯಾಕೆ ಹಾಕ್ಲಿ?" ಎಂದಳು ಮಾಸ್ತಮ್ಮ. "ನಂಗೆ ಅದ್ರಿಂದ ಎಂತ ಸಿಕ್ತು? ಸಿಕ್ಕಿದೋರ ಹತ್ರ ಹಾಕಿಸ್ಕೊಳಿ."

"ಅಕ್ಕಾ, ಹಂಗಂದ್ರೆ ಹೆಂಗೆ..." ಎಂದಳು ಸುಮನಾ.

"ನೀನು ಮಾತಾಡ್ಬೇಡ. ನನ್ನ ಗಂಡನ ಹೆಣದ ಮೇಲೆ ಕಾಲಿಟ್ಟು ಎದ್ದು ಬಂದಿದಾನೆ ನಿನ್ನ ಗಂಡ."

ಜಗಲಿಯ ಮೂಲೆಯಲ್ಲಿ ಕೂತಿದ್ದ ದಿನೇಶ ಮೆಲ್ಲನೆ ಎದ್ದು ಒಳಗೆ ಹೋದ. ಆಡಿದ ಮಾತು ತನಗೇ ಅಸಹ್ಯವೆನಿಸಿದರೂ ಮಾಸ್ತಮ್ಮ ಅದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಧನ್ಯಶ್ರೀ ಕಾಗದಗಳನ್ನು ಚೀಲಕ್ಕೆ ಸೇರಿಸುತ್ತ ಹೇಳಿದಳು: "ಬಲವಂತ ಮಾಡಲ್ಲ. ಕೇಸೇ ಬೇಡ ಅನ್ನೋದಾದ್ರೆ ಸೋಮವಾರ ನನ್ನ ಆಫೀಸಿಗೆ ಬನ್ನಿ. ಅಲ್ಲಿಂದಲೇ ಕಂಪ್ಯೂಟರಿನಲ್ಲಿ ಕೋರ್ಟು ನಡೆಯುತ್ತೆ. ಜಡ್ಜಿಗೆ ನೀವೇ ಹೇಳಿಬಿಡಿ."

ಸೋಮವಾರ ಮಾಸ್ತಮ್ಮ ಕೇಸು ಬೇಡವೆಂದು ಹೇಳಿಬಿಡಲೆಂದೇ ಹೊರಟಳು. ಸುಮನಾ, ಯಾರೂ ಕರೆಯದಿದ್ದರೂ, ಅದೇ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು.

ಆಫೀಸಿನ ಪರದೆಯ ಮೇಲೆ ಇಬ್ಬರು ಜಡ್ಜುಗಳು, ಪಕ್ಕದ ಚೌಕದಲ್ಲಿ ಇಲಾಖೆಯ ಪರ ವಕೀಲರು. ಅವರ ಇಂಗ್ಲಿಷು ಮಾಸ್ತಮ್ಮನಿಗೆ ತಿಳಿಯಲಿಲ್ಲ. ನಡುವೆ ಗಂಡನ ಹೆಸರು ಬಂತು.

"ಎಂತ ಅಂದ್ರು?" ಎಂದು ಧನ್ಯಶ್ರೀಯ ತೋಳು ಹಿಡಿದಳು.

ಧನ್ಯಶ್ರೀ ಮೈಕನ್ನು ಕೈಯಿಂದ ಮುಚ್ಚಿ ಮೆಲ್ಲಗೆ ಹೇಳಿದಳು: "ಮನೆಯವರು ತಡವಾಗಿ ಕರ್ಕೊಂಡು ಬಂದ್ರು, ಅದಕ್ಕೇ ಸತ್ತರು, ಆಸ್ಪತ್ರೆಯದು ತಪ್ಪಿಲ್ಲ ಅಂತಿದಾರೆ."

ಮಾಸ್ತಮ್ಮ ಎದ್ದು ನಿಂತಳು. "ಸುಳ್ಳು!" ಅಂದಳು, ಮುಚ್ಚಿದ ಮೈಕಿನಲ್ಲೂ ಕೇಳುವಷ್ಟು ಜೋರಾಗಿ. ಪರದೆಯಲ್ಲಿ ಹಿರಿಯ ಜಡ್ಜು ತಲೆಯೆತ್ತಿ ಕನ್ನಡದಲ್ಲೇ ಯಾರು ಅವರು ಎಂದು ಕೇಳಿದರು. ಮೊದಲ ಅರ್ಜಿದಾರರು ಎಂದಳು ಧನ್ಯಶ್ರೀ. "ಹೇಳಲಿ, ಕೇಳೋಣ" ಎಂದರು ಅವರು.

ಹೇಳಬೇಕೆಂದು ಬಂದದ್ದು ಬೇರೆ. ಬಾಯಿಗೆ ಬಂದದ್ದು ದಿನವೂ ತೂಗುತ್ತಿದ್ದ ಲೆಕ್ಕವೇ.

"ಸ್ವಾಮಿ, ಇವ್ರನ್ನ ಜ್ವರ ಬಂದ ಮಾರನೇ ದಿನಾನೇ ಆಸ್ಪತ್ರೆಗೆ ಕರ್ಕೊಂಡೋಗಿದ್ದೆ. ನನ್ನ ಮೈದುನನ್ನ ಕರ್ಕೊಂಡೋಗಿದ್ದೂ ಮಾರನೇ ದಿನಾನೇ. ಅದೇ ಆಸ್ಪತ್ರೆ, ಅದೇ ಬೆಂಚು. ಇವ್ರಿಗೆ ರಿಪೋರ್ಟ್ ಬರ್ಲಿ ಅಂದ್ರು. ಅವನಿಗೆ ನಿಮ್ಮ ಆರ್ಡರು ಇತ್ತು, ಗಾಡಿ ಬಂತು. ಅವನು ಮನೇಲಿದಾನೆ. ಇವ್ರಿಲ್ಲ. ದಿನಾ ಅವನ್ನ ನೋಡ್ತೀನಿ, ಹೊಟ್ಟೆ ಉರಿಯುತ್ತೆ. ತಡ ನಂದಾಗಿದ್ರೆ ಹಿಂಗೆ ಉರೀತಿರ್ಲಿಲ್ಲ."

ಇಲಾಖೆಯ ವಕೀಲರು ಕಾಗದ ತಿರುವಿದರು. ಜಡ್ಜು ಅವರನ್ನೇ ಕೇಳಿದರು: ಜ್ವರ ಬಂದ ಎಷ್ಟನೇ ದಿನ ಆಸ್ಪತ್ರೆಗೆ ಬಂದರು ಎಂಬುದರಲ್ಲಿ ಆ ಇಬ್ಬರಿಗೂ ವ್ಯತ್ಯಾಸವಿದೆಯೇ? ದಾಖಲೆ ನೋಡಿ ಹೇಳಬೇಕು ಎಂದರು ಅವರು. ನೋಡಿದರು. ವ್ಯತ್ಯಾಸವಿರಲಿಲ್ಲ. ಆದೇಶವನ್ನು ಸಡಿಲಿಸುವುದಿಲ್ಲ, ಹಾಗೇ ಇರುತ್ತದೆ ಎಂದು ಜಡ್ಜು ಬರೆಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಜಾಗವಿದ್ದದ್ದು ಒಂದೇ ಸೀಟಿನಲ್ಲಿ. ಇಬ್ಬರೂ ಒಟ್ಟಿಗೆ ಕೂರಬೇಕಾಯಿತು. ಬಸ್ಸು ಪೇಟೆ ದಾಟಿತು.

"ನಿನ್ನ ಕಂಡ್ರೆ ನಂಗೆ ಆಗಲ್ಲ ಸುಮನಾ," ಎಂದಳು ಮಾಸ್ತಮ್ಮ ಕಿಟಕಿಯ ಕಡೆ ನೋಡುತ್ತ. "ಗೆದ್ದು ಬಂದ್ವಿ. ಆದ್ರೂ ಅದು ಹೋಗಿಲ್ಲ."

"ಗೊತ್ತಕ್ಕಾ," ಎಂದಳು ಸುಮನಾ. ಆಮೇಲೆ ತಡೆದು ತಡೆದು ಹೇಳಿದಳು. "ನಂಗೂ ನಿಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ. ಜ್ವರ ಬರೋ ಮುಂಚೆ ಇವ್ರು ಕಾಡಿಗೆ ದರಗು ತರೋಕೆ ಹೋಗಿದ್ದು ನಿಮ್ಮ ಕೊಟ್ಟಿಗೆಗೇ ಅಂತ. ಬೇಡ ಅಂದೆ. ಅತ್ತಿಗೆಗೆ ಯಾರಿದಾರೆ ಅಂದ್ರು. ಆಸ್ಪತ್ರೇಲಿ ಇವ್ರ ಪಕ್ಕ ಕೂತು ನಿಮಗೆ ಶಾಪ ಹಾಕಿದೀನಿ."

ಮಾಸ್ತಮ್ಮ ತಿರುಗಿ ಅವಳ ಮುಖ ನೋಡಿದಳು. "ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ? ಅವತ್ತು ನಾನು ಅಂಥ ಮಾತಾಡಿದಾಗ್ಲೂ?"

"ಹೇಳಬೇಡ ಅಂತ ಇವ್ರು ಆಣೆ ಹಾಕಿಸ್ಕೊಂಡಿದ್ರು."

ಊರಿನ ತಿರುವಿನಲ್ಲಿ ಬಸ್ಸು ನಿಂತಿತು. ಸುಮನಾ ಮೊದಲು ಇಳಿದು ಬೇಗ ಬೇಗ ಮನೆಯ ಕಡೆ ನಡೆದಳು. ಅವಳಿಗೆ ಮನೆಯಲ್ಲಿ ಕಾಯುವವರಿದ್ದರು. ಆ ಉರಿ ಮತ್ತೊಮ್ಮೆ ಎದೆಯಲ್ಲಿ ಎದ್ದದ್ದು ಮಾಸ್ತಮ್ಮನಿಗೆ ಗೊತ್ತಾಯಿತು. ಆದರೂ ದನಿಯೇರಿಸಿ ಕೂಗಿದಳು:

"ಸುಮನಾ, ನಿಲ್ಲೇ. ಇನ್ಮೇಲೆ ನಮ್ಮ ಕೊಟ್ಟಿಗೆಗೆ ಅಂತ ಅವನು ಕಾಡಿಗೆ ಹೋಗೋದು ಬೇಡ ಅನ್ನು. ನಾನು ಹುಲ್ಲು ಹಾಸ್ಕೋತೀನಿ."