ಗಾಜಿನ ಪೆಟ್ಟಿಗೆಗೆ ಬರಬೇಕಿದ್ದ ಬಸಳೆ

ಶುಕ್ರವಾರ ಬೆಳಿಗ್ಗೆ ಮೊದಲ ನೀರುದೋಸೆ ಕಾವಲಿಯಿಂದ ಏಳುವಷ್ಟರಲ್ಲಿ ಬೆಲ್ ಆಯಿತು. ನನಗಿಂತ ಮೊದಲು ಮಗಳು ಅಕ್ಷಯಾ ಓಡಿದಳು, ನಮ್ಮ ಹಳೆಯ ಮೀನಿನ ಗಾಜಿನ ತೊಟ್ಟಿಯನ್ನು ಎದೆಗೆ ಅವುಚಿಕೊಂಡೇ.

ಆ ತೊಟ್ಟಿ ಈಗ ಮೀನಿನದ್ದಲ್ಲ. ಹಿಂದಿನ ಕಾಲದಲ್ಲಿ ಗಿಡ ಹುಡುಕುತ್ತಾ ದೇಶ ಸುತ್ತಿದವರು ಅವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ನೆಟ್ಟು, ಸಂದಿಲ್ಲದಂತೆ ಮುಚ್ಚಿ, ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸುತ್ತಿದ್ದರಂತೆ. ಒಳಗಿನ ತೇವವೇ ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೆ ಇಳಿಯುತ್ತದೆ. ಉಪ್ಪುಗಾಳಿಯ ಭಯವಿಲ್ಲ, ಸಿಹಿನೀರಿಗಾಗಿ ಕಪ್ತಾನನ ಕಾಲು ಹಿಡಿಯಬೇಕಾಗಿಲ್ಲ. ಟೀಚರ್ ಹೇಳಿದ್ದನ್ನು ಅಕ್ಷಯಾ ಪ್ರತಿ ಊಟಕ್ಕೂ ನಮಗೆ ಪಾಠ ಮಾಡುತ್ತಿದ್ದಳು. “ಹೋಲ್ ಪ್ಲಾಂಟ್ ಬೇಡ ಅಮ್ಮ, ದಂಟಿನ ಒಂದು ಗಂಟಿಗೆ ಜೀವ ಇದ್ರೆ ಸಾಕು, ಚಿಗುರ್ತದೆ.” ನಾಳೆ ಶಾಲೆಯ ಪ್ರದರ್ಶನಕ್ಕೆ ಸಮುದ್ರ ದಾಟಿ ಬಂದ ಗಿಡವೊಂದು ಈ ಪೆಟ್ಟಿಗೆಯಲ್ಲಿರಬೇಕು. ತರುವ ಹೊಣೆ ರಜೆಗೆ ಊರಿಗೆ ಹೋಗಿದ್ದ ನನ್ನ ತಮ್ಮ ಸಂಕಪ್ಪನದು.

ಬಾಗಿಲಲ್ಲಿ ಅವನೇ ನಿಂತಿದ್ದ.

“ಮಾಮ, ಬಸಳೆ?”

“ತಂದೆ ಮಾರಾಯ್ತಿ! ಒದ್ದೆ ಪೇಪರು, ಅದರ ಮೇಲೆ ಬಾಳೆಲೆ, ಅದರ ಮೇಲೆ ನನ್ನ ಹೊಸ ಬನಿಯನು. ಬೊಂಬಾಯಿಯಿಂದ ಇಲ್ಲಿವರೆಗೆ ವಿಮಾನದಲ್ಲಿ ಕುಡೀಲಿಕ್ಕೆ ಕೊಟ್ಟ ನೀರೂ ಅದಕ್ಕೇ. ಪಕ್ಕದವ ಕೇಳಿದ, ಒಳಗೆ ಮಗು ಉಂಟಾ ಅಂತ.”

“ಈಗ ಎಲ್ಲುಂಟು?” ಎಂದೆ.

“ನಿನ್ನೆ ಬಂದಾಗ ನಿಮ್ಮ ಬಾಗಿಲಿಗೆ ಬೀಗ ಅಕ್ಕ. ಎದುರುಮನೆ ಎಡ್ನಾಬಾಯಿ ಹತ್ರ ಕೊಟ್ಟು ಹೋದೆ.”

“ನೆಡಲಿಕ್ಕೆ ಅಂತ ಹೇಳಿದ್ಯಾ?”

ಸಂಕಪ್ಪ ತಲೆ ಕೆರೆದುಕೊಂಡ. “ಟ್ಯಾಕ್ಸಿ ಕಾಯ್ತಾ ಇತ್ತಲ್ಲ...”

ನಾನು ಎದುರುಮನೆಯ ಬಾಗಿಲು ನೋಡಿದೆ. ಗಲ್ಫಿನ ಈ ಅಲ್ ಸದ್ದ್‌ ಬಡಾವಣೆಯ ನಮ್ಮ ಕಟ್ಟಡದಲ್ಲಿ ಊರಿನಿಂದ ಬಂದ ಹಸಿರು ಪೊಟ್ಟಣಕ್ಕೆ ಒಂದೇ ನ್ಯಾಯ: ಯಾರ ಕೈಗೆ ಸಿಕ್ಕಿತೋ ಅವರು ಬಾಡುವ ಮೊದಲು ಬೇಯಿಸಿ ಎಲ್ಲರಿಗೂ ಹಂಚುವುದು.

ಎದುರು ಬಾಗಿಲು ತೆರೆಯಿತು. ಎಡ್ನಾಬಾಯಿಗಿಂತ ಮೊದಲು ಅವರ ಕೈಯ ಪಾತ್ರೆಯ ಪರಿಮಳ ಒಳಗೆ ಬಂತು.

“ಪಾಪದ ಬಸಳೆ, ಬಾಡ್ಲಿಕ್ಕೆ ಶುರುವಾಗಿತ್ತು. ಹಾಳು ಮಾಡುವುದು ಯಾಕೆ ಅಂತ ಬೇಗ ಎದ್ದು ಸಿಗಡಿ ಹಾಕಿ ಮಾಡಿದೆ. ಬುಡ ಮಾತ್ರ ಕಟ್ಟಿಗೆಯ ಹಾಗೆ ಬಲಿತಿತ್ತು, ಕತ್ತರಿಸಿ ತೆಗೆದೆ. ಉಳಿದದ್ದೆಲ್ಲ ಬೆಣ್ಣೆ!”

“ಖಲಾಸ್,” ಎಂದು ಸಂಕಪ್ಪ ಗೋಡೆಗೆ ಹೇಳಿದ.

“ಅಯ್ಯೋ, ನಿಮಗೆಷ್ಟು ಕಷ್ಟ,” ಎಂದೆ ನಾನು. ಬೇರೇನು ಹೇಳಲಿ? ಅಕ್ಷಯಾಳಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದ ಕೈ ಅದು. ಮಗಳು ಬಾಯಿ ತೆರೆದಳು. ಕಣ್ಣಲ್ಲೇ ತಡೆದೆ.

“ಮಗು ಯಾಕೆ ಪೆಟ್ಟಿಗೆ ಹಿಡ್ಕೊಂಡದ್ದು?”

“ಮೀನು ತರ್ಲಿಕ್ಕೆ,” ಎಂದ ಸಂಕಪ್ಪ, ಥಟ್ಟನೆ.

“ಸಿಗಡಿ ಬೇಕಾದ್ರೆ ನನ್ನಲ್ಲೇ ಉಂಟು ಮಾರ್ರೆ!”

ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ಬಸಳೆ ಪದಾರ್ಥವನ್ನು ನಮ್ಮ ಬಟ್ಟಲಿಗೆ ಬಗ್ಗಿಸಿಕೊಂಡು ಅದಕ್ಕೆ ದೋಸೆ ಮಡಚಿ ಹಾಕತೊಡಗಿದೆ. ಸಂಕಪ್ಪ ಆಗಲೇ ತಟ್ಟೆಯೆದುರು ಕುಳಿತು, ತನ್ನ ಪಾಲಿನ ನೀರು ಕುಡಿಸಿ ಸಮುದ್ರ ದಾಟಿಸಿದ್ದನ್ನು ಕಣ್ಣು ಮುಚ್ಚಿ ತಿನ್ನುತ್ತಿದ್ದ. ಅಕ್ಷಯಾ ಮಾತ್ರ ಕದಲಲಿಲ್ಲ. ಹುಬ್ಬು ಗಂಟಿಕ್ಕಿ ಏನನ್ನೋ ಯೋಚಿಸುತ್ತಿದ್ದಳು.

ಹೊರಗೆ ಕಸ ಒಯ್ಯುವವನು ಮೆಟ್ಟಿಲ ಮೇಲೆ ಡಬ್ಬ ಎಳೆಯುವ ಸದ್ದು ಕೇಳಿತು.

ಅಕ್ಷಯಾ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. ಈ ಸಲ ನನ್ನ ಮುಖ ನೋಡಲೇ ಇಲ್ಲ.

“ಎಡ್ನಾ ಆಂಟಿ, ಆ ಬಲಿತ ಬುಡ ಎಲ್ಲಿ ಹಾಕಿದ್ರಿ?”