ಒಳಗೆ ಬಿಟ್ಟ ಬಟ್ಟೆ

ಇಪ್ಪತ್ತೆಂಟು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ತನ್ನ ಸೊಂಟದ ಅಳತೆಯನ್ನು ಸರಿಯಾಗಿ ಹೇಳಿದವಳನ್ನು ಇವತ್ತಿನವರೆಗೆ ಕಂಡಿಲ್ಲ. ಟೇಪು ಮೂವತ್ತಾರು ತೋರಿಸಿದರೆ, "ಉಸಿರು ಬಿಟ್ಟಿದ್ದೆ, ಇನ್ನೊಂದ್ಸಲ ನೋಡಿ" ಅನ್ನುತ್ತಾರೆ. ನೋಡುತ್ತೇನೆ. ಅವರ ಎದುರಿಗೆ ಮೂವತ್ನಾಲ್ಕು ಎಂದು ಬರೆದು, ಮೂವತ್ತಾರಕ್ಕೇ ಹೊಲಿಯುತ್ತೇನೆ. ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತೇನೆ, ಆರು ತಿಂಗಳಿಗೆ ಅದೂ ಬೇಕಾಗುತ್ತದೆ. ಗಿರಾಕಿಯ ಮಾತು ನಂಬಿದ ಟೇಲರ್ ಬಾಗಿಲು ಹಾಕಿಕೊಂಡು ಹೋಗಬೇಕಾಗುತ್ತದೆ.

ನನ್ನ ನಾದಿನಿ ತೂಕ ಇಳಿಸುವ ಕ್ಲಾಸು ನಡೆಸುತ್ತಾಳೆ. ಇರುವುದು ನಮ್ಮ ಮನೆಯಲ್ಲೇ, ಕ್ಲಾಸು ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ. ಹದಿನೆಂಟು ಹೆಂಗಸರು, ಒಂದು ತೂಕದ ಯಂತ್ರ, ಗೋಡೆಯ ಮೇಲೊಂದು ಪಟ್ಟಿ. ತೂಕ ಇಳಿದವರಿಗೆ ಹಸಿರು ಚುಕ್ಕಿ, ಏರಿದವರಿಗೆ ಕೆಂಪು. ಮೊಮ್ಮಕ್ಕಳಿರುವ ಹೆಂಗಸರು ಹಸಿರು ಚುಕ್ಕಿ ಸಿಕ್ಕಿತೆಂದು ಮೆಟ್ಟಿಲು ಕುಣಿಯುತ್ತ ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಅವಳನ್ನು ತಕ್ಕಡಿ ಮೇಡಂ ಎಂದು ಕರೆಯುತ್ತಾರೆ. ಅದನ್ನು ಅವಳು ಬಿರುದು ಅಂದುಕೊಂಡಿದ್ದಾಳೆ.

ನನಗೆ ಎರಡು ವರ್ಷದಿಂದ ಥೈರಾಯ್ಡ್ ತೊಂದರೆ. ಕುತ್ತಿಗೆಯಲ್ಲಿರುವ ಆ ಗ್ರಂಥಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಒಂದು ಸಣ್ಣ ಮಾತ್ರೆ ನುಂಗಿದರೆ ಮೈ ಮಾತು ಕೇಳುತ್ತದೆ. ತೂಕ ಸ್ವಲ್ಪ ಏರಿತ್ತು, ನಿಜ. ನಾದಿನಿಯ ಕಣ್ಣು ಬೀಳಲು ಅಷ್ಟು ಸಾಕಾಯಿತು.

"ಥೈರಾಯ್ಡ್ ಅಂತ ನೆಪ ಹೇಳ್ಕೊಂಡು ಕೂತ್ರೆ ಆಗಲ್ಲ ಅತ್ತಿಗೆ. ಮೂರು ತಿಂಗಳು ನನ್ನ ಮಾತು ಕೇಳಿ, ಆಮೇಲೆ ನೋಡಿ."

"ಅವಳು ಊರಿಗೆಲ್ಲ ಹೇಳಿಕೊಡ್ತಾಳೆ, ನಿನಗೇನು ದೊಡ್ಡಸ್ತಿಕೆ" ಎಂದರು ನನ್ನ ಗಂಡ. ತಂಗಿ ಬಾಯಿ ತೆರೆದರೆ ಇವರ ತಲೆ ತಾನಾಗಿ ಆಡುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ದೊಡ್ಡ ಲೋಟದ ತುಂಬ ನೀರಿಗೆ ಕಲಸಿದ ಸೋಯಾ ಪುಡಿ. "ಮಾತ್ರೆಗಳನ್ನೂ ಅದರ ಜೊತೆಗೇ ನುಂಗಿಬಿಡಿ, ಒಂದೇ ಸಲಕ್ಕೆ ಮುಗಿಯುತ್ತೆ" ಎಂದಳು. ಥೈರಾಯ್ಡ್ ಮಾತ್ರೆ, ಮೂಳೆಗೆಂದು ಅವಳೇ ತಂದುಕೊಟ್ಟ ಕ್ಯಾಲ್ಸಿಯಂ ಮಾತ್ರೆ, ಎರಡೂ ಆ ಗೋಡೆ ಬಳಿಯುವ ಸುಣ್ಣದಂಥ ನೀರಿನೊಂದಿಗೆ ಒಳಗೆ ಹೋದವು. ಮಧ್ಯಾಹ್ನ ಬೇಯಿಸಿದ ತರಕಾರಿ, ರಾತ್ರಿ ಸೌತೆಕಾಯಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕೆಟ್ಟದ್ದು ಕುತ್ತಿಗೆಯಲ್ಲಿ, ಶಿಕ್ಷೆ ಹೊಟ್ಟೆಗೆ.

ಮೂರು ತಿಂಗಳಲ್ಲಿ ನಾಲ್ಕು ಕಿಲೋ ಏರಿತು. ಮುಖ ಊದಿತು. ಬಾಚಣಿಗೆ ತುಂಬ ಕೂದಲು. ಹೊಲಿಗೆ ಯಂತ್ರ ತುಳಿಯುವ ಕಾಲುಗಳು ನನ್ನವಲ್ಲವೆನ್ನಿಸುತ್ತಿತ್ತು. ಸೆಕೆಯ ಮಧ್ಯಾಹ್ನ ಎಲ್ಲರೂ ಬೀಸಣಿಗೆ ಹುಡುಕುತ್ತಿದ್ದರೆ ನಾನು ಸ್ವೆಟರ್ ಹಾಕಿಕೊಂಡು ತೂಕಡಿಸುತ್ತಿದ್ದೆ. ಒಮ್ಮೆ ಎಡತೋಳಿನ ಜಾಗಕ್ಕೆ ಬಲತೋಳು ಹೊಲಿದು ಕೊಟ್ಟೆ.

ಹದಿನೆಂಟು ಹೆಂಗಸರ ಮುಂದೆ ನಾದಿನಿ ನನ್ನ ಹೆಸರಿನ ಮುಂದೆ ಮೂರನೆಯ ಕೆಂಪು ಚುಕ್ಕಿ ಅಂಟಿಸಿದಳು.

"ನೀನು ಹೇಳಿದ್ದು ಬಿಟ್ಟು ಒಂದು ಚೂರೂ ತಿಂದಿಲ್ಲ" ಎಂದೆ.

"ಎಲ್ಲರೂ ಹಾಗೇ ಹೇಳ್ತಾರೆ ಅತ್ತಿಗೆ. ಯಂತ್ರಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಹದಿನೆಂಟು ಬಾಯಿ ನಕ್ಕವು. ಅವುಗಳಲ್ಲಿ ಹತ್ತರ ಸೊಂಟದ ಅಳತೆ ನನ್ನ ಪುಸ್ತಕದಲ್ಲಿದೆ. ತುಟಿ ಕಚ್ಚಿಕೊಂಡು ಕೆಳಗಿಳಿದೆ.

ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಇವರು ಅಡುಗೆಮನೆಯ ಕಪಾಟಿಗೆ ಹಿತ್ತಾಳೆ ಬೀಗವೊಂದನ್ನು ಜಡಿದು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು. "ನಿನ್ನ ಒಳ್ಳೇದಕ್ಕೇ" ಎಂದರು. ಇಪ್ಪತ್ತೆರಡು ವರ್ಷ ಇವರ ಊಟದ ತಟ್ಟೆ ತುಂಬಿಸಿದ ಕೈಗೆ ಬೀಗ. ಅತ್ತೆ ನನ್ನ ದಿಂಬಿನ ಕೆಳಗೆ ಬಿಸ್ಕತ್ತಿನ ಪುಡಿ ಹುಡುಕಿದರು. ಅದನ್ನೆಲ್ಲ ಸಹಿಸಿಕೊಂಡೆ. ಒಂದು ಸಂಜೆ ಮಗಳು ಬಂದು ಗಟ್ಟಿಯಾಗಿ ತಬ್ಬಿಕೊಂಡಳು. ದೊಡ್ಡವಳಾದ ಮೇಲೆ ಹಾಗೆ ತಬ್ಬಿಕೊಂಡಿದ್ದೇ ಇಲ್ಲವಲ್ಲ ಎಂದು ನನಗೆ ಸಂತೋಷವಾಯಿತು. ಆಮೇಲೆ ತಿಳಿಯಿತು, ಅವಳು ನನ್ನ ಬಾಯಿಯ ವಾಸನೆ ನೋಡುತ್ತಿದ್ದಳು. ಅವತ್ತು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ. ತೂಕ ಏನಾದರೂ ಆಗಲಿ, ಇವಳು ತಿಂದಿಲ್ಲ ಎಂದು ಮನೆಯಲ್ಲಿ ಒಬ್ಬರಾದರೂ ಹೇಳಲಿ ಅನ್ನಿಸಿತ್ತು.

ಈ ನಡುವೆ ನನಗೊಂದು ಗುಟ್ಟಿನ ಸುಖವಿತ್ತು. ತಕ್ಕಡಿ ಮೇಡಂ ಎರಡು ಮೂರು ತಿಂಗಳಿಗೊಮ್ಮೆ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಒಂದು ಚೀಲ ಹಿಡಿದು ಬರುತ್ತಿದ್ದಳು. "ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ ಅತ್ತಿಗೆ, ಪಕ್ಕದಲ್ಲಿ ಸ್ವಲ್ಪ ಬಿಚ್ಚಿಕೊಡಿ." ಅವಳ ಬಟ್ಟೆಗಳು ಸೊಂಟದಲ್ಲಿ ಮಾತ್ರ ಕುಗ್ಗುತ್ತಿದ್ದವು. ವರ್ಷದಲ್ಲಿ ಐದು ಸಲ ಬಿಚ್ಚಿದೆ. ಮನೆಯಲ್ಲಿ ಸೌತೆಕಾಯಿ ಕಚ್ಚಿ, ಮೇಲಿನ ಕೋಣೆಯ ಚಿಲಕ ಹಾಕಿಕೊಂಡು ಕೇಕ್ ಬಾರಿಸುತ್ತಾಳೆ ಎಂದು ನನ್ನ ಲೆಕ್ಕಾಚಾರ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಒಂದೊಂದು ಹೊಲಿಗೆ ಬಿಚ್ಚುವಾಗಲೂ ಒಳಗೊಳಗೇ ನಗುತ್ತಿದ್ದೆ.

ಕೊನೆಗೆ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದೆ. ನಿದ್ದೆಗೆಟ್ಟ ಮುಖದ ಹೆಂಗಸು. ರಕ್ತಪರೀಕ್ಷೆಯ ಚೀಟಿ ನೋಡಿ, "ಮಾತ್ರೆ ತಗೊಳ್ತಿದೀರಾ?" ಎಂದರು.

"ಒಂದು ದಿನಾನೂ ತಪ್ಪಿಸಿಲ್ಲ."

ಎಲ್ಲರೂ ಹಾಗೇ ಹೇಳ್ತಾರೆ ಎನ್ನಲಿ ಎಂದು ಕಾದೆ. ಅವರು ಅನ್ನಲಿಲ್ಲ. "ಯಾವುದರ ಜೊತೆ ನುಂಗ್ತೀರಿ?" ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಸೋಯಾ, ಕ್ಯಾಲ್ಸಿಯಂ ಎರಡೂ ಈ ಮಾತ್ರೆನ ಮೈಗೆ ಹತ್ತೋಕೆ ಬಿಡಲ್ಲ. ನೀವು ನುಂಗಿದ್ದರಲ್ಲಿ ಬಹುಪಾಲು ದಂಡ. ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ ತಗೊಳ್ಳಿ. ಒಂದು ಗಂಟೆ ಬೇರೇನೂ ಬೇಡ. ಕ್ಯಾಲ್ಸಿಯಂ ಬೇಕಿದ್ರೆ ನಾಲ್ಕು ಗಂಟೆ ಬಿಟ್ಟು." ಆಮೇಲೆ ನನ್ನ ಕುತ್ತಿಗೆ ಮುಟ್ಟಿ ನೋಡಿದರು. "ಕೆಲವರಿಗೆ ಇಲ್ಲೇ ಊದಿಕೊಳ್ಳುತ್ತೆ. ನಿಮಗೆ ಹಾಗಾಗಿಲ್ಲ."

ಎರಡು ತಿಂಗಳಲ್ಲಿ ಮೂರು ಕಿಲೋ ಇಳಿಯಿತು. ಉಳಿದದ್ದು ನನ್ನದೇ, ಅದಕ್ಕೆ ದಿನಾ ಸಂಜೆ ನಡೆಯುತ್ತೇನೆ. ಡಾಕ್ಟರು ಹೇಳಿದ್ದನ್ನು ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದೆ. ನಾದಿನಿ, "ಪುಡಿದೇನೂ ತಪ್ಪಿಲ್ಲ, ಕುಡಿದ ಹೊತ್ತು ತಪ್ಪು" ಎಂದಳು. ಇವರು ಮಾರನೆಯ ದಿನ ಬೀಗ ತೆಗೆದರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ, ಆ ಮಾತಿಗೆ ನಮ್ಮ ಮನೆಯಲ್ಲಿ ಬರಗಾಲ.

ಕ್ಲಾಸಿನ ವಾರ್ಷಿಕೋತ್ಸವಕ್ಕೆ ಎರಡು ದಿನವಿದೆ ಎನ್ನುವಾಗ ನಾದಿನಿ ನೀಲಿ ಗೌನು ತಂದಳು. ಮೇಲೆ ಹೆಂಗಸರು ಕುರ್ಚಿ ಜೋಡಿಸುತ್ತಿದ್ದರು. ಗೌನನ್ನು ಒಳಮಗ್ಗುಲು ತಿರುಗಿಸಿದೆ. ಎರಡು ಪಕ್ಕದಲ್ಲೂ ಹೊಲಿಗೆ ಅಂಚಿಗೆ ಬಂದು ನಿಂತಿತ್ತು. ಈ ದಿನಕ್ಕಾಗಿಯೇ ಕಾದಿದ್ದವಳು ನಾನು.

"ಒಳಗೆ ಬಟ್ಟೆ ಉಳಿದಿಲ್ಲ" ಎಂದೆ. "ಬಿಚ್ಚೋದು ಮುಗೀತು."

ಹೊಸದನ್ನೇ ಹೊಲಿಯೋಣವೆಂದು ಟೇಪು ತೆಗೆದೆ. ಆ ಸೆಕೆಯಲ್ಲೂ ಅವಳು ದಪ್ಪ ಶಾಲು ಹೊದ್ದಿದ್ದಳು. ಶಾಲು ಸರಿಸಿ ಕುತ್ತಿಗೆಗೆ ಟೇಪು ಸುತ್ತಿದೆ. ಹದಿನಾಲ್ಕೂವರೆ. ಅಳತೆ ಪುಸ್ತಕ ತಿರುವಿದರೆ ಹೋದ ವರ್ಷ ಹದಿಮೂರು. ಸೊಂಟದ ವಿಷಯದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಕುತ್ತಿಗೆಯ ವಿಷಯದಲ್ಲಿ ಹೇಳಲು ಯಾರಿಗೂ ತೋಚುವುದಿಲ್ಲ. ಟೇಪಿನ ಕೆಳಗೆ ಮೆತ್ತಗೆ ಊದಿಕೊಂಡದ್ದು ಬೆರಳಿಗೆ ಸಿಕ್ಕಿತು.

"ಅತ್ತಿಗೆ, ಆಣೆ ಮಾಡಿ ಹೇಳ್ತೀನಿ." ಅವಳ ದನಿ ಒಡೆದಿತ್ತು. ನೆಗಡಿ ಎಂದು ಅವಳು ಆರು ತಿಂಗಳಿಂದ ಹೇಳುತ್ತಿದ್ದಳು. "ಕ್ಲಾಸಿನವರು ತಿನ್ನೋದರಲ್ಲಿ ಅರ್ಧ ತಿಂತೀನಿ ನಾನು. ಆ ಪುಡಿ, ಸೌತೆಕಾಯಿ, ಅಷ್ಟೇ. ಬೇರೇನೂ ತಿಂದಿಲ್ಲ."

ಎಲ್ಲರೂ ಹಾಗೇ ಹೇಳ್ತಾರೆ. ತಿಂಗಳುಗಳಿಂದ ಮಸೆದಿಟ್ಟ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಒಂಚೂರು ಗಟ್ಟಿಯಾಗಿ ಹೇಳಿದ್ದರೆ ಮೇಲಿನವರಿಗೂ ಕೇಳಿಸುತ್ತಿತ್ತು. ಆದರೆ ಕೇಕ್ ಬಾರಿಸುತ್ತಾಳೆ ಎಂದು ವರ್ಷವಿಡೀ ನಕ್ಕವಳು ನಾನು. ನನ್ನ ದಿಂಬಿನ ಕೆಳಗೆ ಬಿಸ್ಕತ್ತಿನ ಪುಡಿ ಹುಡುಕಿದ ಅತ್ತೆಗೂ ನನಗೂ ಏನು ವ್ಯತ್ಯಾಸ? ನಾಚಿಕೆಯಾಯಿತು.

"ನಂಬ್ತೀನಿ" ಎಂದೆ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಡಾಕ್ಟರ ವಿಳಾಸವನ್ನು ಅಳತೆ ಪುಸ್ತಕದ ಹಾಳೆಯಲ್ಲೇ ಬರೆದು, ಹರಿದುಕೊಟ್ಟೆ. "ನಾಳೆ ಬೆಳಿಗ್ಗೆನೇ ಹೋಗು, ಕುತ್ತಿಗೆ ತೋರಿಸು. ಆ ಪುಡಿ ಡಬ್ಬಿನ ಮಾತ್ರ ನನ್ನ ಕಣ್ಣಿಗೆ ಬೀಳಿಸಬೇಡ."

ಅವಳು ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಅಣ್ಣನಿಗೆ ಹೇಳಬೇಡಿ ಅತ್ತಿಗೆ. ತಿಂದೇ ಹೀಗಾಗಿದ್ದಾಳೆ ಅಂತಾನೆ."

"ಗೊತ್ತು" ಎಂದೆ. "ಬೀಗ ಇನ್ನೂ ಇಟ್ಕೊಂಡಿದಾರೆ."